ಅಪ್ಪ ನೀರು ಹುಡುಕಿದ ಕಣಿವೆ

2019ರ ಆಗಸ್ಟ್‌ನಲ್ಲಿ ಅಪ್ಪ, ಅಮ್ಮ ನಮ್ಮ ಮನೆಗೆ ಬಂದರು. ನಾವಿರುವುದು ಅಮೆರಿಕದ ಅರಿಜೋನಾ ರಾಜ್ಯದ ಚಾಂಡ್ಲರ್‌ನಲ್ಲಿ, ಫೀನಿಕ್ಸ್ ಪಕ್ಕದ ಊರು. ಅಪ್ಪ ಚಳ್ಳಕೆರೆ ಕಡೆಯ ರೈತರು. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಅದೂ ಒಂದು. ಅಲ್ಲಿ ಶೇಂಗಾ ಬೆಳೆದು ನಮ್ಮನ್ನು ಓದಿಸಿದವರು. ಬಂದ ಎರಡನೇ ದಿನ ಬೆಳಗ್ಗೆ ವಾಕಿಂಗ್ ಮುಗಿಸಿ ಬಂದವರೇ ಕೇಳಿದರು: "ಸುತ್ತ ಬರೀ ಮರಳು, ಕಳ್ಳಿಗಿಡ. ಈ ಹುಲ್ಲಿಗೆ, ಈ ಈಜುಕೊಳಕ್ಕೆಲ್ಲ ನೀರು ಎಲ್ಲಿಂದ ತರ್ತಾರೋ?"

ಕೊಲೊರಾಡೊ ನದಿಯಿಂದ, ನೂರಾರು ಕಿಲೋಮೀಟರ್ ಕಾಲುವೆ ತೋಡಿ ತರುತ್ತಾರೆ ಅಂದೆ.

"ಹಂಗಾದ್ರೆ ಆ ಹೊಳೇನ ಒಂದ್ಸಲ ನೋಡ್ಬೇಕು" ಅಂದರು.

ಆ ನದಿ ಹರಿಯುವ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ತಳಕ್ಕೆ ಇಳಿದು ಎರಡು ರಾತ್ರಿ ಉಳಿಯಲು ನನ್ನ ಹತ್ತಿರ ಆಗಲೇ ಪರ್ಮಿಟ್ ಇತ್ತು, ಇಬ್ಬರಿಗೆ. ಜೊತೆಗೆ ಬರಬೇಕಿದ್ದ ಗೆಳೆಯನಿಗೆ ರಜೆ ಸಿಗಲಿಲ್ಲ. ಈ ಪರ್ಮಿಟ್ ಸಿಗುವುದು ಸುಲಭವಲ್ಲ. ನಾಲ್ಕು ತಿಂಗಳು ಮೊದಲೇ ಅರ್ಜಿ ಹಾಕಬೇಕು. ಆಗ ಅದನ್ನು ಫ್ಯಾಕ್ಸ್ ಮಾಡಬೇಕಿತ್ತು. ಪರ್ಮಿಟ್‌ಗೆ 10 ಡಾಲರ್, ಅದರ ಮೇಲೆ ತಲೆಗೆ ರಾತ್ರಿಗೆ 8 ಡಾಲರ್ ಇತ್ತು. ಇಷ್ಟು ಕಷ್ಟಪಟ್ಟು ಸಿಕ್ಕಿದ್ದನ್ನು ಬಿಡಲು ಮನಸ್ಸಾಗಲಿಲ್ಲ. ಆದರೆ ಅಪ್ಪನಿಗೆ 63 ವರ್ಷ. ಇಳಿಯುವುದು ಸರಿ, ಅಷ್ಟೇ ಹತ್ತಬೇಕಲ್ವಾ? ಎರಡು ತಿಂಗಳು ಶನಿವಾರ, ಭಾನುವಾರ ಬೆಳಗಿನ ಜಾವ ಅವರನ್ನು ಫೀನಿಕ್ಸ್‌ನ ಸೌತ್ ಮೌಂಟನ್ ಗುಡ್ಡಕ್ಕೆ ಕರೆದುಕೊಂಡು ಹೋದೆ. ಬೆನ್ನಿಗೆ ಅಕ್ಕಿ ಚೀಲ ತುಂಬಿದ ಬ್ಯಾಗು. ಎರಡನೇ ವಾರಕ್ಕೆ ಅವರು ಮುಂದೆ, ನಾನು ಹಿಂದೆ.

ಮೊದಲ ದಿನ

ಅಕ್ಟೋಬರ್ ಮಧ್ಯದ ಒಂದು ಗುರುವಾರ ಹೊರಟೆವು. ಅಮ್ಮ ಮೊಮ್ಮಗಳ ಜೊತೆ ಮನೆಯಲ್ಲೇ ಉಳಿದರು. ಚಪಾತಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಬೆಲ್ಲ ಬೆರೆಸಿದ ರಾಗಿ ಹುರಿಹಿಟ್ಟು ಕಟ್ಟಿಕೊಟ್ಟರು. ಮನೆಯಿಂದ ಕಣಿವೆಯ ದಕ್ಷಿಣ ಅಂಚಿಗೆ ನಾಲ್ಕು ಗಂಟೆ ದಾರಿ. ಫೀನಿಕ್ಸ್ ದಾಟಿ ಏರುತ್ತಾ ಹೋದಂತೆ ಕೈ ಎತ್ತಿ ನಿಂತ ಸಗ್ವಾರೊ ಕಳ್ಳಿಗಳು ಒಂದು ಎತ್ತರಕ್ಕೆ ಬಂದು ಥಟ್ಟನೆ ನಿಂತುಬಿಡುತ್ತವೆ. ಫ್ಲ್ಯಾಗ್‌ಸ್ಟಾಫ್ ತಲುಪುವಷ್ಟರಲ್ಲಿ ಪೈನ್ ಕಾಡು, 7,000 ಅಡಿ ಎತ್ತರ.

ಯಾವಪೈ ಪಾಯಿಂಟ್‌ನಲ್ಲಿ ಕಾರು ನಿಲ್ಲಿಸಿ ಅಂಚಿಗೆ ಹೋದೆವು. ನಾನು ಮೊದಲೂ ನೋಡಿದ್ದೆ, ಆದರೂ ಎದೆ ಝಲ್ಲೆಂದಿತು. ನೆಲ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಒಂದು ಮೈಲಿ ಆಳ, ಕೆಲವು ಕಡೆ 29 ಕಿಲೋಮೀಟರ್ ಅಗಲ, ಉದ್ದ 446 ಕಿಲೋಮೀಟರ್. ಅಪ್ಪ ಕಂಬಿ ಹಿಡಿದು ಬಹಳ ಹೊತ್ತು ಮಾತಾಡಲಿಲ್ಲ. ಕಣ್ಣು ಕಿರಿದು ಮಾಡಿ ತಳದಲ್ಲಿ ಏನನ್ನೋ ಹುಡುಕುತ್ತಿದ್ದರು. ಕೊನೆಗೆ ಬೆರಳು ತೋರಿಸಿದರು. ಬಂಡೆಗಳ ಸಂದಿಯಲ್ಲಿ ದಾರದ ತುಂಡಿನಷ್ಟು ಹಸಿರು ನೀರು.

"ಅಷ್ಟು ಸಣ್ಣ ಹೊಳೆ ಇಷ್ಟನ್ನೂ ಕೊರೀತಾ?"

50-60 ಲಕ್ಷ ವರ್ಷದಿಂದ ಕೊರೆಯುತ್ತಿದೆ ಅಂದೆ. ಎದುರು ನಿಂತ ಕಲ್ಲಿನ ಗೋಪುರಗಳ ಹೆಸರು ಹೇಳಿದೆ: ಬ್ರಹ್ಮ ಟೆಂಪಲ್, ಶಿವ ಟೆಂಪಲ್, ವಿಷ್ಣು ಟೆಂಪಲ್. 1880ರ ದಶಕದಲ್ಲಿ ಕ್ಲಾರೆನ್ಸ್ ಡಟ್ಟನ್ ಎಂಬ ಭೂವಿಜ್ಞಾನಿಗೆ ಇವು ನಮ್ಮ ಕಡೆಯ ಗುಡಿಗಳಂತೆ ಕಂಡವು. ವಿಷ್ಣು ಟೆಂಪಲ್ ಅಂತ ಕರೆದದ್ದು ಅವನೇ. ಆಮೇಲೆ ಬಂದವರೂ ಆ ಪದ್ಧತಿಯನ್ನೇ ಹಿಡಿದರು. ಅಪ್ಪ ಒಂದೊಂದಕ್ಕೂ ಕೈ ಮುಗಿದರು.

ಅಲ್ಲಿಂದ ಅಂಚಿನುದ್ದಕ್ಕೂ 'ಟ್ರೇಲ್ ಆಫ್ ಟೈಮ್' ಎಂಬ ಕಾಲುದಾರಿ ಇದೆ. ಒಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ ಹಿಂದಕ್ಕೆ ಹೋದ ಲೆಕ್ಕ. ಕಣಿವೆಯ ಒಂದೊಂದು ಪದರದ ಕಲ್ಲನ್ನೂ ತಂದು ಅದರ ವಯಸ್ಸಿನ ಜಾಗದಲ್ಲಿ ನಿಲ್ಲಿಸಿದ್ದಾರೆ. ಮುಟ್ಟಬಹುದು, ನೀರು ಹಾಕಿ ಬಣ್ಣ ನೋಡಬಹುದು. ಅಪ್ಪ ಪ್ರತಿ ಕಲ್ಲನ್ನೂ ಅಂಗೈಯಿಂದ ಸವರಿದರು. ಕಣಿವೆಯ ಅತಿ ಹಳೆಯ ಕಲ್ಲು 184 ಕೋಟಿ ವರ್ಷದ್ದು. ಅಲ್ಲಿ ನಿಂತು ನಾನು ಹೇಳಿದೆ: "ಅಪ್ಪ, ನಮ್ಮ ಲಾಲ್‌ಬಾಗ್ ಬಂಡೆ ಇಲ್ಲಿಡಬೇಕು ಅಂದ್ರೆ ಇನ್ನೂ ಒಂದು ಕಿಲೋಮೀಟರ್ ಮುಂದೆ ಹೋಗ್ಬೇಕು." ಅದು 300 ಕೋಟಿ ವರ್ಷದ್ದು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿದ ಹಾಗೆ ಕಾಣುವ ಲಾವಾ ಕಲ್ಲೂ ಈ ಕಣಿವೆಗಿಂತ ಹಿರಿಯದು. "ಹಂಗಾದ್ರೆ ನಾವು ಕೂತು ಬುತ್ತಿ ಉಂಡ ಕಲ್ಲು ಇದಕ್ಕೆ ಅಜ್ಜ" ಅಂದರು ಅಪ್ಪ. ಇಷ್ಟು ವರ್ಷ ಊರಿನ ಬಂಡೆಗಳ ಪಕ್ಕದಲ್ಲೇ ಓಡಾಡಿ ಅವುಗಳ ವಯಸ್ಸು ಕೇಳಲು ನಾನು ಇಲ್ಲಿಗೆ ಬರಬೇಕಾಯಿತು.

ರಾತ್ರಿ ಮ್ಯಾಥರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಟೆಂಟ್. ಚಳಿ ಸೊನ್ನೆ ಡಿಗ್ರಿ ಹತ್ತಿರ. ಕುದುರೆ ಗಾತ್ರದ ಎಲ್ಕ್ ಜಿಂಕೆಯೊಂದು ಟೆಂಟಿನ ಪಕ್ಕದಲ್ಲೇ ಹುಲ್ಲು ಮೇಯುತ್ತಿತ್ತು. ನಲ್ಲಿಯಲ್ಲಿ ಬಾಟಲಿ ತುಂಬಿಸುವಾಗ ಅಪ್ಪನ ಪ್ರಶ್ನೆ ಮತ್ತೆ ಬಂತು. "ಹೊಳೆ ಅಷ್ಟು ಕೆಳಗೈತೆ. ಈ ನೀರು ಎಲ್ಲಿಂದು?" ನಾಳೆ ನಾಡಿದ್ದರಲ್ಲಿ ತೋರಿಸ್ತೀನಿ ಅಂದೆ.

ಎರಡನೇ ದಿನ

ಬೆಳಗಿನ ಮೊದಲ ಬಸ್ ಹಿಡಿದು ಸೌತ್ ಕೈಬಾಬ್ ದಾರಿಯ ತಲೆಗೆ ಬಂದೆವು. ಅಲ್ಲಿಂದ ತಳದ ಕ್ಯಾಂಪ್‌ಗ್ರೌಂಡ್‌ಗೆ ಸುಮಾರು 11 ಕಿಲೋಮೀಟರ್, ಇಳಿಜಾರು 4,780 ಅಡಿ. ಇಡೀ ದಾರಿಯಲ್ಲಿ ಒಂದು ತೊಟ್ಟು ನೀರಿಲ್ಲ. ನೆರಳೂ ಇಲ್ಲ ಅನ್ನಬಹುದು. ನಾನು 5 ಲೀಟರ್, ಅಪ್ಪ 3 ಲೀಟರ್ ಹೊತ್ತೆವು. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅದೂ ಅಪಾಯ, ಉಪ್ಪಿರುವ ತಿಂಡಿ ತಿನ್ನುತ್ತಿರಿ ಅಂತ ರೇಂಜರ್ ಒಬ್ಬರು ಹೇಳಿ ಕಳಿಸಿದರು. ಅಪ್ಪನ ಜೇಬಿನಲ್ಲಿ ಉಪ್ಪು ಹಚ್ಚಿದ ಶೇಂಗಾ ಇತ್ತು.

ಈ ದಾರಿ ಕಣಿವೆಯ ಏಣಿನ ಮೇಲೇ ಇಳಿಯುತ್ತದೆ. ಹಾಗಾಗಿ ಎರಡೂ ಕಡೆ ತೆರೆದ ನೋಟ. ಸೂರ್ಯ ಬರುತ್ತಿದ್ದ ಹಾಗೆ ಎದುರಿನ ಗೋಪುರಗಳ ತುದಿ ಕೆಂಡದ ಬಣ್ಣಕ್ಕೆ ತಿರುಗಿತು. ಊ-ಆ ಪಾಯಿಂಟ್ ತಲುಪಿದಾಗ 600 ಅಡಿ ಇಳಿದಿದ್ದೆವು.

ಅಪ್ಪ ನಿಂತರು. "ಒಂದು ಬೋರು ಇಳಿದ್ವಿ."

ನನಗೆ ಅರ್ಥವಾಯಿತು. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಹೊಲದಲ್ಲಿ ಬೋರ್‌ವೆಲ್ ಕೊರೆಸಿದ್ದರು. ರಾತ್ರಿಯಿಡೀ ಲಾರಿ ಸದ್ದು, ಬಿಳಿ ಧೂಳು. 600 ಅಡಿಗೆ ದುಡ್ಡು ಮುಗಿಯಿತು, ನಿಲ್ಲಿಸಿದರು. ನೀರು ಬರಲಿಲ್ಲ. ಆ ಸಾಲ ತೀರಲು ಆರು ವರ್ಷ ಹಿಡಿಯಿತು. ಅಪ್ಪನ ಕಾಲಿಗೆ ಆ 600 ಅಡಿಯ ಅಳತೆ ಗೊತ್ತಿತ್ತು. ಸೀಡರ್ ರಿಡ್ಜ್‌ನಲ್ಲಿ "ಎರಡು ಆಗ್ತಾ ಬಂತು" ಅಂದರು. ಸ್ಕೆಲಿಟನ್ ಪಾಯಿಂಟ್‌ನಲ್ಲಿ ಮೂರು ದಾಟಿತ್ತು. ಅಲ್ಲಿಂದ ಮೊದಲ ಸಲ ನದಿ ಚೆನ್ನಾಗಿ ಕಂಡಿತು. ಅಪ್ಪ ನಡಿಗೆ ಜೋರು ಮಾಡಿದರು. ನಾನೇ ಹಿಡಿದು ನಿಲ್ಲಿಸಿ ನೀರು ಕುಡಿಸಿದೆ.

ದಾರಿಯ ಬಣ್ಣ ಬದಲಾಗುತ್ತಲೇ ಇರುತ್ತದೆ. ಮೇಲಿನದು ಕೆನೆ ಬಣ್ಣದ ಕೈಬಾಬ್ ಸುಣ್ಣದಕಲ್ಲು. 27 ಕೋಟಿ ವರ್ಷದ ಹಿಂದೆ ಸಮುದ್ರದ ತಳವಾಗಿತ್ತು, ಹುಡುಕಿದರೆ ಚಿಪ್ಪಿನ ಗುರುತು ಸಿಗುತ್ತದೆ. ಅದರ ಕೆಳಗೆ ಗಾಳಿ ಗುಡ್ಡೆ ಹಾಕಿದ ಮರಳು ಹಾಗೇ ಕಲ್ಲಾದ ಕೊಕೊನಿನೊ. ಆಮೇಲೆ ಕುಂಕುಮದಂಥ ಕೆಂಪು ಮಣ್ಣು. ರೆಡ್‌ವಾಲ್ ಎಂಬ ಎತ್ತರದ ಗೋಡೆ ನಿಜಕ್ಕೂ ಬೂದು ಬಣ್ಣದ್ದು. ಮೇಲಿನ ಪದರಗಳ ಕಬ್ಬಿಣದ ಕೆಂಪು ಮಳೆಯಲ್ಲಿ ಇಳಿದು ಅದಕ್ಕೆ ಬಣ್ಣ ಬಳಿದಿದೆ. ಒಂದು ಕಡೆ ಚಕ್ಕೆ ಎದ್ದು ಒಳಗಿನ ಬೂದು ಕಾಣುತ್ತಿತ್ತು. ಅಪ್ಪ ಅದರ ಮೇಲೆ ಬೆರಳು ಇಟ್ಟು ನೋಡಿದರು.

ಹೇಸರಗತ್ತೆಗಳ ಸಾಲು ಎದುರು ಬಂತು. ಪಕ್ಕಕ್ಕೆ ಸರಿದು ಸದ್ದು ಮಾಡದೆ ನಿಂತೆವು. ಕೆಳಗಿನ ಫ್ಯಾಂಟಮ್ ರಾಂಚ್ ಎಂಬ ತಂಗುದಾಣಕ್ಕೆ ಸಾಮಾನು ಹೋಗುವುದು, ಕಸ ಮೇಲೆ ಬರುವುದು ಎಲ್ಲಾ ಅವುಗಳ ಬೆನ್ನ ಮೇಲೇ.

ಮಧ್ಯಾಹ್ನ ಬಿಸಿಲು ಏರಿತು. ಬೆಳಗ್ಗೆ ಸ್ವೆಟರ್ ಹಾಕಿದ್ದವರು ಈಗ 30 ಡಿಗ್ರಿ ಹತ್ತಿರ ಇದ್ದೆವು. ಕೊನೆಗೆ ದಾರಿ ಒಂದು ಕತ್ತಲೆ ಸುರಂಗಕ್ಕೆ ನುಗ್ಗಿತು. ಹೊರಬಂದರೆ ಸೀದಾ ತೂಗುಸೇತುವೆ ಮೇಲೆ, ಕಾಲ ಕೆಳಗೆ ಕೊಲೊರಾಡೊ. 1928ರಲ್ಲಿ ಕಟ್ಟಿದ ಸೇತುವೆ ಇದು. ಇದರ ಉಕ್ಕಿನ ಹಗ್ಗಗಳು ಒಂದೊಂದೂ ಒಂದು ಟನ್ ಮೇಲೆ ತೂಗುತ್ತವೆ. ಹೇಸರಗತ್ತೆಗಳಿಗೆ ಹೊರಲಾಗಲಿಲ್ಲ. 42 ಜನ ಸಾಲಾಗಿ ನಿಂತು, ಹೆಗಲ ಮೇಲೆ ಹಾವಿನಂತೆ ಹೊತ್ತು, ನಾವು ಇಳಿದು ಬಂದ ಆಳವನ್ನೆಲ್ಲ ಇಳಿಸಿದರು. ಅವರಲ್ಲಿ ಹೆಚ್ಚಿನವರು ಈ ಕಣಿವೆಯ ಮೂಲ ನಿವಾಸಿಗಳಾದ ಹವಸುಪಾಯಿ ಜನ. ಅಪ್ಪ ಆ ಹಗ್ಗವನ್ನು ಕೈಯಿಂದ ಹಿಡಿದು ತೂಕ ಊಹಿಸಿದರು. "ಎಂಟು ಬೋರು" ಅಂದರು ಆಮೇಲೆ. ನದಿ ದಡಕ್ಕೆ ಹೋಗಿ, ಮಂಡಿಯೂರಿ, ಬೊಗಸೆಯಲ್ಲಿ ನೀರು ಎತ್ತಿ ಮುಖಕ್ಕೆ ಹಾಕಿಕೊಂಡರು. ಕೊರೆಯುವ ತಣ್ಣನೆ ನೀರು. ಮೇಲ್ಗಡೆ ಗ್ಲೆನ್ ಕ್ಯಾನಿಯನ್ ಅಣೆಕಟ್ಟು 1963ರಲ್ಲಿ ಬಾಗಿಲು ಮುಚ್ಚಿದ ಮೇಲೆ ಈ ನದಿ ತಣ್ಣಗೆ, ಹಸಿರಾಗಿ ಹರಿಯುತ್ತಿದೆ. ಅದಕ್ಕೂ ಮೊದಲು ಕೆಸರಿನಿಂದ ಕೆಂಪಗಿತ್ತು. ಕೊಲೊರಾಡೊ ಅಂದರೆ ಸ್ಪ್ಯಾನಿಷ್‌ನಲ್ಲಿ ಕೆಂಪು ಬಣ್ಣದ್ದು ಅಂತ.

"ಮಣ್ಣೆಲ್ಲ ಅಣೆಕಟ್ಟೆಯಲ್ಲೇ ನಿಂತಿರ್ತದೆ" ಅಂದರು ಅಪ್ಪ. ನಮ್ಮ ಕಡೆಯ ಮಾರಿಕಣಿವೆ ಅಣೆಕಟ್ಟೆ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಬ್ರೈಟ್ ಏಂಜೆಲ್ ಕ್ಯಾಂಪ್‌ಗ್ರೌಂಡ್ ಒಂದು ಹಳ್ಳದ ಪಕ್ಕದಲ್ಲಿದೆ. ಕಾಟನ್‌ವುಡ್ ಮರಗಳ ನೆರಳು, ಹರಿಯುವ ನೀರಿನ ಸದ್ದು. ಅಳಿಲುಗಳು ಬ್ಯಾಗು ಹರಿದು ತಿಂಡಿ ಕದಿಯುತ್ತವೆ ಅಂತ ಪ್ರತಿ ಜಾಗಕ್ಕೂ ಕಬ್ಬಿಣದ ಡಬ್ಬಿ ಇಟ್ಟಿದ್ದಾರೆ. ಕಣಿವೆಯೊಳಗೆ ಬೆಂಕಿ ಹಾಕುವಂತಿಲ್ಲ, ಗ್ಯಾಸ್ ಸ್ಟೌವ್ ಮಾತ್ರ. ನಾನು ಬಾಡಿಗೆಗೆ ತಂದಿದ್ದ ಸ್ಟೌವ್ ಎಷ್ಟು ಹೊತ್ತಿಸಿದರೂ ಹತ್ತಲಿಲ್ಲ. ಗ್ಯಾಸ್ ಬರುವ ತೂತೇ ಕಟ್ಟಿಕೊಂಡಿತ್ತು. ಕೊಡುವಾಗ ಪರೀಕ್ಷೆ ಮಾಡಿದ್ದೀವಿ ಅಂದಿದ್ದರು. ನನಗೆ ಸಿಟ್ಟು, ಗಾಬರಿ ಎರಡೂ ಬಂತು. ಮನೆಯಲ್ಲೇ ಒಮ್ಮೆ ಹೊತ್ತಿಸಿ ನೋಡಿ ತನ್ನಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ.

ಅಪ್ಪ ಸುಮ್ನೆ ಹುರಿಹಿಟ್ಟಿನ ಡಬ್ಬಿ ತೆಗೆದರು. ತಣ್ಣೀರು ಹಾಕಿ ಕಲಸಿ ಎರಡು ಉಂಡೆ ಮಾಡಿದರು. "ಹೊಲಕ್ಕೆ ಹೋಗೋರು ಒಲೆ ಹೊತ್ಕಂಡು ಹೋಗ್ತಾರೇನೋ?"

ಸಂಜೆ ಫ್ಯಾಂಟಮ್ ರಾಂಚ್‌ಗೆ ನಡೆದು ಹೋಗಿ ನಿಂಬೆ ಪಾನಕ ಕುಡಿದೆವು. 1922ರಲ್ಲಿ ಮೇರಿ ಕೋಲ್ಟರ್ ಎಂಬ ವಾಸ್ತುಶಿಲ್ಪಿ ನದಿಯ ಕಲ್ಲುಗಳನ್ನೇ ಬಳಸಿ ರೂಪಿಸಿದ ತಂಗುದಾಣ ಅದು. ಅಲ್ಲಿ ಅಂಚೆ ಕಾರ್ಡ್ ಸಿಗುತ್ತದೆ. ಬರೆದು ಹಾಕಿದರೆ ಹೇಸರಗತ್ತೆ ಮೇಲೆ ಹೊರುತ್ತದೆ, ಕಾರ್ಡಿನ ಮೇಲೆ ಹಾಗಂತ ಮುದ್ರೆಯೂ ಬೀಳುತ್ತದೆ. ಅಪ್ಪ ಊರಿನ ಚಿಕ್ಕಪ್ಪನಿಗೆ ಬರೆದರು. ಹೆಗಲ ಮೇಲಿಂದ ನೋಡಿದೆ: "ಹೊಳೆ ಸಿಕ್ಕಿತು. ನೀರು ಚೆನ್ನಾಗಿದೆ."

ಮೂರನೇ ದಿನ

ಬೆಳಕು ಹರಿಯುವ ಮೊದಲೇ ಎದ್ದೆವು. ಈ ಸಲ ದಾಟಿದ್ದು ಇನ್ನೊಂದು ಸೇತುವೆ, ಸಿಲ್ವರ್ ಬ್ರಿಡ್ಜ್. ನಡುವೆ ನಿಂತು ಅಪ್ಪನಿಗೆ ಬಗ್ಗಿ ನೋಡಲು ಹೇಳಿದೆ. ಸೇತುವೆಯ ಹೊಟ್ಟೆಗೆ ಅಂಟಿಕೊಂಡು ಒಂದು ಪೈಪು ಹೋಗುತ್ತದೆ.

ಮೊನ್ನೆಯ ಪ್ರಶ್ನೆಗೆ ಉತ್ತರ ಅದೇ. ಉತ್ತರ ಅಂಚು ದಕ್ಷಿಣಕ್ಕಿಂತ ಸಾವಿರ ಅಡಿಗೂ ಜಾಸ್ತಿ ಎತ್ತರ. ಮಳೆ, ಹಿಮ ಎರಡೂ ಹೆಚ್ಚು. ಇಡೀ ನೆಲ ಉತ್ತರದಿಂದ ದಕ್ಷಿಣಕ್ಕೆ ಓಲಿದೆ. ಹಾಗಾಗಿ ಉತ್ತರದ ನೀರು ಕಣಿವೆ ಕಡೆಗೇ ಬರುತ್ತದೆ, ದಕ್ಷಿಣ ಅಂಚಿನಲ್ಲಿ ಬಿದ್ದದ್ದು ಕಣಿವೆಗೆ ಬೆನ್ನು ಹಾಕಿ ಆಚೆ ಹರಿದುಹೋಗುತ್ತದೆ. ಉತ್ತರ ಅಂಚಿನ ಕೆಳಗೆ ರೋರಿಂಗ್ ಸ್ಪ್ರಿಂಗ್ಸ್ ಎಂಬ ಬುಗ್ಗೆ ಇದೆ. ಅಲ್ಲಿಂದ 20 ಕಿಲೋಮೀಟರ್ ಪೈಪು ಕಣಿವೆಗೆ ಇಳಿದು, ಈ ಸೇತುವೆ ದಾಟಿ, ಮತ್ತೆ ಮೇಲೇರುತ್ತದೆ. 1960ರ ದಶಕದಲ್ಲಿ ಹಾಕಲು ಶುರು ಮಾಡಿದ ಪೈಪು. ಹಳೆಯದಾಗಿ ಆಗಾಗ ಒಡೆಯುತ್ತದೆ. ದಕ್ಷಿಣ ಅಂಚಿಗೆ ಬರುವ ಲಕ್ಷಾಂತರ ಜನ ಕುಡಿಯುವುದು ಅದೊಂದರ ನೀರನ್ನೇ.

ಅಪ್ಪ ಸೇತುವೆಯ ಜಾಲರಿಗೆ ಕಿವಿಯಿಟ್ಟರು. ನದಿಯ ಸದ್ದಲ್ಲಿ ಏನು ಕೇಳಿಸಿತೋ, ಎದ್ದು ತಲೆಯಾಡಿಸಿದರು.

ನದಿ ಬಿಟ್ಟು ಮೇಲಕ್ಕೆ ತಿರುಗಿದರೆ ಡೆವಿಲ್ಸ್ ಕಾರ್ಕ್‌ಸ್ಕ್ರೂ ಎಂಬ ಸುತ್ತುಸುತ್ತಿನ ಏರು. ಸುತ್ತಲೂ ಕಪ್ಪಗೆ ಮಿನುಗುವ ವಿಷ್ಣು ಶಿಸ್ಟ್, 170 ಕೋಟಿ ವರ್ಷ ದಾಟಿದ ಕಲ್ಲು. ಹೆಸರು ಕೇಳಿ ಅಪ್ಪ ಬಂಡೆಗೆ ಹಣೆ ತಾಗಿಸಿದರು. ಏರು ಮುಗಿದ ಮೇಲೆ ಆ ಕಪ್ಪು ಕಲ್ಲಿನ ಮೇಲೆ ಕಂದು ಬಣ್ಣದ ಟೇಪೀಟ್ಸ್ ಮರಳುಗಲ್ಲು ಹಾಸಿದಂತೆ ಕೂತಿದೆ. ಎರಡರ ನಡುವಿನ ಗೆರೆಯಲ್ಲಿ ನೂರು ಕೋಟಿ ವರ್ಷಕ್ಕೂ ಜಾಸ್ತಿ ಕಾಲ ಕಾಣೆಯಾಗಿದೆ. ಆ ಹೊತ್ತಿನ ಕಲ್ಲೆಲ್ಲ ಸವೆದುಹೋಗಿದೆ.

ಬೆಳಗ್ಗೆ 10 ಗಂಟೆ ಇರಬೇಕು. ಅಪ್ಪ ದೂರ ನೋಡಿ ಹೇಳಿದರು: "ಅಲ್ಲಿ ನೀರೈತೆ." ಬೋಳು ಬಯಲಿನ ಮಧ್ಯೆ ಒಂದು ಹಸಿರು ಪಟ್ಟೆ. ಅದೇ ಇಂಡಿಯನ್ ಗಾರ್ಡನ್, ನಮ್ಮ ಆ ರಾತ್ರಿಯ ತಂಗು. ಮೇಲಿಂದ ಸುಣ್ಣದಕಲ್ಲಿನ ಬಿರುಕುಗಳಲ್ಲಿ ಇಳಿದ ನೀರಿಗೆ ಇಲ್ಲಿ ಜೇಡಿಕಲ್ಲಿನ ಪದರ ಅಡ್ಡ ಸಿಗುತ್ತದೆ, ಹೊರಕ್ಕೆ ಬುಗ್ಗೆಯಾಗಿ ಬರುತ್ತದೆ. ಅಪ್ಪ ಟೆಂಟ್ ಹಾಕುವ ಮೊದಲು ಹಳ್ಳದ ದಡ ನೋಡಿದರು, ಮಣ್ಣು ಹಿಡಿದು ಪುಡಿ ಮಾಡಿ ನೋಡಿದರು. "ಇಲ್ಲಿ ಯಾರೋ ಬೇಸಾಯ ಮಾಡವ್ರೆ" ಅಂದರು.

ಹೌದು, ಮಾಡಿದ್ದರು. ಹವಸುಪಾಯಿ ಜನ ಇದನ್ನು 'ಹಾ ಅ ಗ್ಯೋ' ಅನ್ನುತ್ತಾರೆ. ತಲೆತಲಾಂತರದಿಂದ ಇಲ್ಲಿ ಬೆಳೆ ಇಟ್ಟು ಬಾಳಿದವರು. 1919ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಇಲ್ಲಿ ಉಳಿದಿದ್ದ ಕೊನೆಯ ಹವಸುಪಾಯಿಯನ್ನು, ಕ್ಯಾಪ್ಟನ್ ಬರೋ ಅಂತ ಕರೆಯುತ್ತಿದ್ದವರನ್ನು, 1928ರಲ್ಲಿ ಹೊರಗೆ ಕಳಿಸಿದರು.

"1928? ಆ ಸೇತುವೆ ಹಗ್ಗ ಹೊತ್ತಿದ್ದು ಯಾವಾಗ ಅಂದೆ?"

ಅದೇ ವರ್ಷ, ಅಂದೆ. ಅಪ್ಪ ಆಮೇಲೆ ಬಹಳ ಹೊತ್ತು ಹಳ್ಳದ ಪಕ್ಕದಲ್ಲೇ ಕೂತಿದ್ದರು. ನಾನು ಅವಲಕ್ಕಿ ನೆನೆಸಿ ಕೊಟ್ಟೆ, ಅರ್ಧ ತಿಂದು ಇಟ್ಟರು.

ಸಂಜೆ ಪ್ಲೇಟೋ ಪಾಯಿಂಟ್‌ಗೆ ಹೋದೆವು, ಎರಡೂವರೆ ಕಿಲೋಮೀಟರ್ ಸಮತಟ್ಟು ದಾರಿ. ಕೆಳಗೆ ಸಾವಿರ ಅಡಿಗೂ ಆಳದಲ್ಲಿ ನದಿ, ಮೇಲೆ 3,000 ಅಡಿ ಎತ್ತರದಲ್ಲಿ ಅಂಚು. ನಾವು ಮಧ್ಯದಲ್ಲಿ. ಬಿಸಿಲು ಒಂದೊಂದೇ ಗೋಪುರ ಬಿಟ್ಟು ಹೋಯಿತು. ಫೋಟೊ ತೆಗೆಯಲಿಲ್ಲ. ವಾಪಸ್ ಬರುವಾಗ ಟಾರ್ಚ್ ಆರಿಸಿ ನಡೆದೆವು. ಇಷ್ಟು ನಕ್ಷತ್ರಗಳನ್ನು ನಾನು ಕೊನೆಯ ಸಲ ನೋಡಿದ್ದು ಕಣ ಕಾಯುವಾಗ ಅಪ್ಪನ ಪಕ್ಕ ಮಲಗಿದ್ದಾಗ.

ನಾಲ್ಕನೇ ದಿನ

ಐದು ಬೋರು ಹತ್ತಬೇಕಿತ್ತು. ಏಳು ಕಿಲೋಮೀಟರ್ ಮೇಲೆ ದೂರ, 3,000 ಅಡಿ ಏರು. ನಸುಕಿನಲ್ಲೇ ಹೊರಟೆವು. ಅಪ್ಪ ಹೊಲ ಉಳುವ ನಡಿಗೆಯಲ್ಲಿ ನಡೆದರು, ನಿಧಾನ, ಒಂದೇ ಸಮ. ನಮ್ಮನ್ನು ಹಿಂದೆ ಹಾಕಿ ಹೋದ ಹುಡುಗರು ಮುಂದಿನ ತಿರುವಿನಲ್ಲಿ ಕೂತಿರುತ್ತಿದ್ದರು. ಮೂರು ಮೈಲಿ ವಿಶ್ರಾಂತಿ ಮಂಟಪದಲ್ಲಿ ಒಬ್ಬ ಕಾಲೇಜು ಹುಡುಗ ಕಾಲು ಹಿಡಿದು ಕೂತಿದ್ದ, ಮುಖ ಬಿಳುಚಿತ್ತು. ಬರೀ ನೀರು ಕುಡಿದಿದ್ದನಂತೆ. ಅಪ್ಪ ಶೇಂಗಾ ಪೊಟ್ಟಣ ಅವನ ಕೈಗೆ ಇಟ್ಟು, ತಿನ್ನು ಅಂತ ಸನ್ನೆ ಮಾಡಿ, ಅವನು ಪೂರ್ತಿ ತಿನ್ನುವ ತನಕ ಎದುರಿಗೇ ಕೂತರು. ಅರ್ಧ ಗಂಟೆಗೆ ಅವನು ಎದ್ದು ನಿಂತ.

ಕೊನೆಯ ಒಂದೂವರೆ ಮೈಲಿ ಕಷ್ಟವಾಯಿತು. ಅಪ್ಪನ ಮಂಡಿ ನೋಯುತ್ತಿತ್ತು. ಅವರ ಬ್ಯಾಗನ್ನು ನನ್ನ ಎದೆಗೆ ಹಾಕಿಕೊಂಡೆ. ಮೊದಲು ಬೇಡ ಅಂದರು, ಆಮೇಲೆ ಕೊಟ್ಟರು. ಮಧ್ಯಾಹ್ನ 12ರ ಹೊತ್ತಿಗೆ ಅಂಚು ತಲುಪಿದೆವು. ಅಪ್ಪ ಸೀದಾ ನಲ್ಲಿ ಹತ್ತಿರ ಹೋಗಿ ಒಂದು ಬಾಟಲಿ ತುಂಬಿಸಿದರು. ಅದನ್ನು ಅಮ್ಮನಿಗೆ ಅಂತ ಚಾಂಡ್ಲರ್ ತನಕ ಮುಚ್ಚಳ ತೆಗೆಯದೆ ತಂದರು.

2022ರ ಸೆಪ್ಟೆಂಬರ್‌ನಲ್ಲಿ ಊರಿಂದ ಅಪ್ಪನ ಫೋನ್ ಬಂತು. ಮಾರಿಕಣಿವೆ ತುಂಬಿತ್ತು, 1933ರ ನಂತರ ಮೊದಲ ಸಲ. "ಕೋಡಿ ಬಿತ್ತು ಕಣೋ!" ಅಂತ ಕೂಗಿದರು. ಹಿಂದೆ ಜನರ ಗದ್ದಲ ಕೇಳುತ್ತಿತ್ತು. ಎರಡು ತಿಂಗಳಿಗೆ ನಾನೇ ಫೋನ್ ಮಾಡಿದೆ. ಇಂಡಿಯನ್ ಗಾರ್ಡನ್ ಹೆಸರು ತೆಗೆದು ಹವಸುಪಾಯಿ ಗಾರ್ಡನ್ಸ್ ಅಂತ ಇಟ್ಟಿದ್ದಾರೆ, ಆ ಜನರೇ ಕೇಳಿ ಪಡೆದದ್ದು ಅಂತ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಹೆಸರು ಕೊಟ್ರು, ಒಳ್ಳೇದಾಯ್ತು. ಮೆಕ್ಕೆಜೋಳ ಹಾಕಾಕೆ ಬಿಡ್ತಾರೇನೋ?"